ವಿದ್ಯುತ್ ಸರಕು ವಾಹನಕ್ಕೆ ಬದಲಿ ಟೈರುಗಳ ಆಯ್ಕೆ

ವಾಹನದ ಸಮಸ್ತ ಭಾರವನ್ನೂ ಹೊತ್ತು, ಅದರ ವೇಗವನ್ನೂ ನಿಲುಗಡೆಯನ್ನೂ ರಸ್ತೆಗೆ ತಲುಪಿಸುವ ಭಾಗ ಟೈರು. ಚಿಕ್ಕ ಸರಕು ವಾಹನದ ಪ್ರತಿಯೊಂದು ಟೈರು ನೆಲವನ್ನು ಮುಟ್ಟುವುದು ಸುಮಾರು ಅಂಗೈಯಗಲದ ಜಾಗದಲ್ಲಿ ಮಾತ್ರ. ಆದರೂ ಹಳೆಯ ಟೈರು ಸವೆದಾಗ ಬೆಲೆಯನ್ನೋ ಅಂದವನ್ನೋ ನೋಡಿ ಹೊಸದನ್ನು ಕೊಳ್ಳುವ ರೂಢಿ ನಮ್ಮಲ್ಲಿ ಸಾಮಾನ್ಯವಾಗಿದೆ. ವಿದ್ಯುತ್ ಚಾಲಿತ ವಾಹನಗಳ ವಿಷಯದಲ್ಲಿ ಈ ರೂಢಿ ಹೆಚ್ಚು ಅಪಾಯಕರವಾದುದು.

ನಮ್ಮ ದೇಶದಲ್ಲಿ ನಾಲ್ಕು ಚಕ್ರದ ಚಿಕ್ಕ ಸರಕು ವಾಹನಗಳು ಈಗ ವಿದ್ಯುತ್ ರೂಪದಲ್ಲಿಯೂ ದೊರೆಯುತ್ತಿವೆ. 2005ರಿಂದ ಬಳಕೆಯಲ್ಲಿರುವ ಟಾಟಾ ಏಸ್ ವಾಹನದ ವಿದ್ಯುತ್ ಮಾದರಿ 2022ರ ಮೇ ತಿಂಗಳಲ್ಲಿ ಪ್ರಕಟಗೊಂಡಿತು. ಇಂತಹ ವಾಹನಗಳ ಟೈರನ್ನು ಆರಿಸುವ ಬಗೆಯನ್ನು ತಿಳಿಯಲು ಗುಜರಾತಿನ ವಡೋದರಾ ನಗರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಈ ನಗರದ ಸಮೀಪದ ಲಿಮ್ಡಾ ಮತ್ತು ಹಾಲೋಲ್‌ಗಳಲ್ಲಿ ದೊಡ್ಡ ಟೈರು ಕಾರ್ಖಾನೆಗಳಿವೆ. ಮಕರಪುರಾ ಕೈಗಾರಿಕಾ ವಸಾಹತಿನಿಂದ ನಗರದ ಒಳಗೂ, ಅಹಮದಾಬಾದ್ ಮತ್ತು ಸೂರತ್‌ಗಳ ಕಡೆಗೂ ಸರಕು ಸಾಗುತ್ತಿರುತ್ತದೆ. ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಅಲ್ಲಿ ಸಾಮಾನ್ಯ. ನಮ್ಮ ಕಲಬುರಗಿ, ರಾಯಚೂರುಗಳ ವಾಹನ ಮಾಲೀಕರಿಗೂ ಈ ಸ್ಥಿತಿ ಅಪರಿಚಿತವಲ್ಲ.

ವಿದ್ಯುತ್ ವಾಹನದ ವಿಶೇಷ

ಮೊದಲನೆಯದಾಗಿ, ಬ್ಯಾಟರಿಯ ತೂಕದಿಂದಾಗಿ ಸರಕನ್ನು ಹೇರುವ ಮೊದಲೇ ಟೈರುಗಳ ಮೇಲೆ ಹೆಚ್ಚಿನ ಭಾರ ಬಿದ್ದಿರುತ್ತದೆ. ಎರಡನೆಯದಾಗಿ, ವಿದ್ಯುತ್ ಮೋಟಾರು ಹೊರಟ ಕ್ಷಣದಲ್ಲಿಯೇ ಪೂರ್ಣ ಎಳೆತವನ್ನು ನೀಡಬಲ್ಲದು. ವೇಗ ತಗ್ಗಿಸುವಾಗ ಅದೇ ಮೋಟಾರು ಬ್ರೇಕಿನಂತೆ ವರ್ತಿಸಿ ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ. ಈ ಎರಡು ಒತ್ತಡಗಳೂ ಮೋಟಾರು ತಿರುಗಿಸುವ ಚಕ್ರಗಳ ಮೇಲೆಯೇ ಬೀಳುವುದರಿಂದ ಆ ಟೈರುಗಳು ಬೇಗ ಸವೆಯುತ್ತವೆ. ಮೂರನೆಯದಾಗಿ, ಉರುಳುವ ಟೈರಿನ ರಬ್ಬರು ಪ್ರತಿ ಸುತ್ತಿನಲ್ಲಿಯೂ ಒತ್ತಿಕೊಂಡು ಮತ್ತೆ ಹಿಗ್ಗುವಾಗ ಸ್ವಲ್ಪ ಶಕ್ತಿ ಶಾಖವಾಗಿ ನಷ್ಟವಾಗುತ್ತದೆ. ಇದನ್ನು ಉರುಳು ಪ್ರತಿರೋಧ ಎನ್ನುತ್ತಾರೆ. ಇದು ಹೆಚ್ಚಿದಷ್ಟೂ ಒಂದು ಚಾರ್ಜಿನಲ್ಲಿ ಕ್ರಮಿಸುವ ದೂರ ಕಡಿಮೆಯಾಗುತ್ತದೆ.

ಟೈರಿನ ಮೇಲಿನ ಬರಹ

ಟೈರಿನ ಪಕ್ಕದ ಗೋಡೆಯ ಮೇಲೆ '155 ಆರ್ 13 ಎಲ್‌ಟಿ 90/88' ಎಂಬಂತಹ ಬರಹವಿರುತ್ತದೆ. ಇದರಲ್ಲಿ 155 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಆರ್ ಎಂದರೆ ರೇಡಿಯಲ್ ರಚನೆ. 13 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಎಲ್‌ಟಿ ಎಂಬುದು ಹಗುರ ಸರಕು ವಾಹನದ ಟೈರು ಎಂಬುದರ ಗುರುತು. 90/88 ಎಂಬುದು ಭಾರಸೂಚಿ: ಒಂಟಿಯಾಗಿ ಜೋಡಿಸಿದಾಗ ಟೈರೊಂದು 600 ಕಿಲೋಗ್ರಾಂ, ಜೋಡಿಯಾಗಿ ಜೋಡಿಸಿದಾಗ ತಲಾ 560 ಕಿಲೋಗ್ರಾಂ ಹೊರಬಲ್ಲದು. ಇದರ ಮುಂದಿನ ಅಕ್ಷರ ಗರಿಷ್ಠ ವೇಗವನ್ನು ಸೂಚಿಸುತ್ತದೆ. ಎನ್ ಎಂದಿದ್ದರೆ ಗಂಟೆಗೆ 140 ಕಿಲೋಮೀಟರು. ಕೆಲವು ಟೈರುಗಳಲ್ಲಿ '165/65 ಆರ್ 14' ಎಂದಿರುತ್ತದೆ. ಇಲ್ಲಿ 65 ಎಂದರೆ ಪಕ್ಕಗೋಡೆಯ ಎತ್ತರವು ಅಗಲದ ನೂರಕ್ಕೆ 65 ಭಾಗ ಎಂದರ್ಥ. ಈ ಸಂಖ್ಯೆ ಇಲ್ಲದ ಟೈರುಗಳಲ್ಲಿ ಅದನ್ನು ಸುಮಾರು 80 ಎಂದು ಭಾವಿಸಬಹುದು.

ವ್ಯಾಸವೊಂದೇ ಸಾಲದು

ಮೇಲಿನ 13 ಅಂಗುಲದ ಟೈರಿನ ಒಟ್ಟು ವ್ಯಾಸ ಸುಮಾರು 578 ಮಿಲಿಮೀಟರು. ಇದಕ್ಕೆ ಬದಲಾಗಿ 165/80 ಆರ್ 14 ಟೈರು ಹಾಕಿದರೆ ವ್ಯಾಸ ಸುಮಾರು 620 ಮಿಲಿಮೀಟರಿಗೆ ಏರುತ್ತದೆ. ಅಂದರೆ ನೂರಕ್ಕೆ ಏಳರಷ್ಟು ಹೆಚ್ಚು. ವೇಗಮಾಪಕವನ್ನು ಹೊಂದಿಸದಿದ್ದರೆ, ಅದು ಹಿಂದೆ ಎಷ್ಟು ಸರಿಯಾಗಿತ್ತೋ ಅದಕ್ಕಿಂತ ಇಷ್ಟರಮಟ್ಟಿಗೆ ಕಡಿಮೆ ತೋರಿಸುತ್ತದೆ. 100 ಕಿಲೋಮೀಟರು ಓಡಿದರೂ ದೂರಮಾಪಕದಲ್ಲಿ ಸುಮಾರು 93 ದಾಖಲಾಗುತ್ತದೆ. ಬ್ಯಾಟರಿ ಕ್ಷೀಣಿಸಿದೆಯೆಂದು ಮಾಲೀಕರು ತಪ್ಪಾಗಿ ಭಾವಿಸಲು ಇಷ್ಟೇ ಸಾಕು. ಜೊತೆಗೆ ರಸ್ತೆಗೆ ತಲುಪುವ ಎಳೆತವೂ ಅದೇ ಪ್ರಮಾಣದಲ್ಲಿ ತಗ್ಗುವುದರಿಂದ, ತುಂಬಿದ ವಾಹನ ಸೇತುವೆಯ ಏರನ್ನು ಹತ್ತುವಾಗ ಮೋಟಾರು ಹೆಚ್ಚು ಶ್ರಮಪಡಬೇಕಾಗುತ್ತದೆ. ದೊಡ್ಡ ಟೈರು ಚಕ್ರದ ಮೇಲಿನ ತಗಡಿಗೆ ತಾಕುವ ಸಂಭವವೂ ಉಂಟು.

ಹಾಗಾದರೆ ವ್ಯಾಸ ಸರಿಹೊಂದಿದರೆ ಸಾಕೆ? ಸಾಲದು. 165/65 ಆರ್ 14 ಟೈರಿನ ವ್ಯಾಸ ಸುಮಾರು 570 ಮಿಲಿಮೀಟರು. ವ್ಯತ್ಯಾಸ ನೂರಕ್ಕೆ ಒಂದೂವರೆಯಷ್ಟು ಮಾತ್ರ. ಹೊಳೆಯುವ ಅಲಾಯ್ ಚಕ್ರದೊಡನೆ ಇದು ನೋಡಲೂ ಚೆನ್ನಾಗಿರುತ್ತದೆ. ಆದರೆ ಇದು ಕಾರಿನ ಟೈರು. ಇದರ ಸಾಮಾನ್ಯ ಭಾರಸೂಚಿ 79, ಅಂದರೆ 437 ಕಿಲೋಗ್ರಾಂ. ಹಿಂದಿನ ಅಕ್ಷದ ಎರಡು ಮೂಲ ಟೈರುಗಳು ಒಟ್ಟು 1,200 ಕಿಲೋಗ್ರಾಂ ಹೊರಬಲ್ಲವಾಗಿದ್ದರೆ, ಇವು ಹೊರಬಲ್ಲುದು 874 ಕಿಲೋಗ್ರಾಂ. ಆ ಅಕ್ಷದ ಮೇಲೆ 1,000 ಕಿಲೋಗ್ರಾಂ ಬಿದ್ದಿತೆಂದರೆ ಮೊದಲಿನವು ಸುರಕ್ಷಿತ, ಎರಡನೆಯವು 126 ಕಿಲೋಗ್ರಾಂ ಮಿತಿಮೀರಿದ ಹೊರೆಯಲ್ಲಿರುತ್ತವೆ. ಮಿತಿಮೀರಿದ ಹೊರೆಯಿಂದ ಪಕ್ಕಗೋಡೆ ಬಾಗಿ ಬಿಸಿಯೇರುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಅಹಮದಾಬಾದ್–ವಡೋದರಾ ಎಕ್ಸ್‌ಪ್ರೆಸ್ ಹೆದ್ದಾರಿಯಂತಹ ಮಾರ್ಗದಲ್ಲಿ ನಿಲ್ಲದೆ ಓಡುವಾಗ ಟೈರು ಸಿಡಿದರೆ, ಹಾನಿ ಚಾಲಕರೊಬ್ಬರಿಗೇ ಸೀಮಿತವಾಗಿರುವುದಿಲ್ಲ. ಆದುದರಿಂದ ಬದಲಿ ಟೈರಿನ ಭಾರಸೂಚಿ ಮೂಲ ಟೈರಿನದಕ್ಕೆ ಸಮನಾಗಿರಬೇಕು ಅಥವಾ ಹೆಚ್ಚಿರಬೇಕು, ಎಂದಿಗೂ ಕಡಿಮೆಯಾಗಿರಬಾರದು. ವೇಗದ ಅಕ್ಷರಕ್ಕೂ ಇದೇ ನಿಯಮ.

ಕಾನೂನು ಮತ್ತು ಗುಣಮಟ್ಟ

ಸಾರಿಗೆ ವಾಹನಗಳ ನೋಂದಣಿ ನಮೂನೆಯಲ್ಲಿ ಟೈರುಗಳ ಸಂಖ್ಯೆ, ವಿವರ ಮತ್ತು ಅಳತೆಗಳಿಗೂ ಅಂಕಣವಿದೆ. ಮೋಟಾರು ವಾಹನಗಳ ಅಧಿನಿಯಮ, 1988ರ 52ನೆಯ ಪ್ರಕರಣದ ಮೇರೆಗೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಲಾಗದು. ಈ ನಿಷೇಧವನ್ನು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಎತ್ತಿಹಿಡಿದಿದೆ. ತಯಾರಕರೇ ಪರ್ಯಾಯ ಅಳತೆಯನ್ನು ಅಂಗೀಕರಿಸಿದ್ದರೆ ಅದು ವಾಹನದ ಕೈಪಿಡಿಯಲ್ಲಿರುತ್ತದೆ; ಅದನ್ನೇ ಅನುಸರಿಸುವುದು ಲೇಸು.

ಟೈರಿನ ಮೇಲೆ ಭಾರತೀಯ ಮಾನಕ ಸಂಸ್ಥೆಯ ಐಎಸ್ಐ ಗುರುತು ಇರುವುದನ್ನು ನೋಡಿಕೊಳ್ಳಬೇಕು. ವಾಣಿಜ್ಯ ವಾಹನಗಳ ಟೈರಿಗೆ ಅನ್ವಯಿಸುವ ಮಾನಕದ ಸಂಖ್ಯೆ 15636. ಕಾರಿನ ಟೈರಿನದು 15633. ಅಂಗಡಿಯಲ್ಲಿ ಎರಡನ್ನೂ ಬೇರ್ಪಡಿಸಿ ಗುರುತಿಸಲು ಈ ಸಂಖ್ಯೆ ಸುಲಭವಾದ ಉಪಾಯ.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

1. ಅಳತೆ, ಭಾರಸೂಚಿ ಮತ್ತು ವೇಗದ ಅಕ್ಷರಗಳನ್ನು ಕೈಪಿಡಿಯಿಂದ ಬರೆದುಕೊಂಡು ಅಂಗಡಿಗೆ ಹೋಗಬೇಕು.
2. ತಯಾರಿಕೆಯ ಕಾಲವನ್ನು ನಾಲ್ಕು ಅಂಕಿಗಳು ತಿಳಿಸುತ್ತವೆ. 2324 ಎಂದರೆ 2024ರ 23ನೆಯ ವಾರ.
3. ಎರಡೇ ಟೈರು ಕೊಳ್ಳುವುದಾದರೆ ಎರಡನ್ನೂ ಒಂದೇ ಅಕ್ಷಕ್ಕೆ ಹಾಕಿಸಬೇಕು. ಒಂದೇ ಅಕ್ಷದಲ್ಲಿ ಬೇರೆ ಬೇರೆ ರಚನೆಯ ಟೈರುಗಳು ಇರಬಾರದು.
4. ರಿಮ್ಮನ್ನು ಬದಲಿಸುವುದಾದರೆ ವ್ಯಾಸವಷ್ಟೇ ಅಲ್ಲದೆ ಅಗಲ, ಬೋಲ್ಟುಗಳ ಅಂತರ ಮತ್ತು ರಿಮ್ಮಿನ ಭಾರಸಾಮರ್ಥ್ಯವನ್ನೂ ಹೊಂದಿಸಬೇಕು.
5. ಗಾಳಿಯ ಒತ್ತಡವನ್ನು ಮುಂಜಾನೆ, ವಾಹನ ಓಡುವ ಮೊದಲು ನೋಡಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರಿರುವುದು ಸಹಜ; ಆಗ ಗಾಳಿ ಬಿಡಬಾರದು.
6. ಟೈರಿನ ಗಾಡಿಗಳ ಆಳ 1.6 ಮಿಲಿಮೀಟರಿಗೆ ಇಳಿಯುವ ಮೊದಲೇ ಟೈರು ಬದಲಿಸಬೇಕು. ಗಾಡಿಯ ತಳದಲ್ಲಿರುವ ಚಿಕ್ಕ ಉಬ್ಬುಗಳು ಈ ಮಟ್ಟವನ್ನು ತೋರಿಸುತ್ತವೆ.

ಮಳೆಗಾಲದ ಎಚ್ಚರಿಕೆಯನ್ನೂ ಮರೆಯಬಾರದು. 2024ರ ಆಗಸ್ಟ್‌ನಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿ ವಡೋದರಾದ ಅನೇಕ ಬಡಾವಣೆಗಳು ಜಲಾವೃತವಾದವು. ನೀರು ನಿಂತ ರಸ್ತೆಯಲ್ಲಿ ಸವೆದ ಟೈರು ಹಿಡಿತ ಕಳೆದುಕೊಳ್ಳುತ್ತದೆ. ನೆರೆಯಲ್ಲಿ ಮುಳುಗಿದ ವಾಹನದ ಬ್ಯಾಟರಿಯನ್ನು ಮಾತ್ರವಲ್ಲ, ರಿಮ್ಮಿನ ಅಂಚಿನಲ್ಲಿ ಸೇರಿದ ಕೆಸರನ್ನೂ ಪರೀಕ್ಷಿಸಿಯೇ ಮತ್ತೆ ಓಡಿಸಬೇಕು.

ಸರಕು ವಾಹನವು ಒಂದು ಕುಟುಂಬದ ಜೀವನಾಧಾರವಾಗಿರುವುದುಂಟು. ಟೈರಿನ ಬೆಲೆಯಲ್ಲಿ ಉಳಿಸಿದ ಹಣ ಒಂದು ಅಪಘಾತದ ಮುಂದೆ ಏನೂ ಅಲ್ಲ. ಬೆಲೆಯನ್ನು ಕೇಳುವ ಮೊದಲು ಭಾರಸೂಚಿಯನ್ನು ಕೇಳುವ ಅಭ್ಯಾಸ ಪ್ರತಿಯೊಬ್ಬ ಮಾಲೀಕರಲ್ಲಿಯೂ ಚಾಲಕರಲ್ಲಿಯೂ ಬೆಳೆಯಬೇಕು.