ಮರಳಿನ ಮೇಲೆ ಎರಡು ಚಕ್ರ

ಬೇಸಿಗೆಯಲ್ಲಿ ವರದಾ ನದಿಯ ಒಣಮರಳಿನಲ್ಲಿ ಸೈಕಲ್ ತುಳಿದು ನೋಡಿದವರಿಗೆ ಇದು ಗೊತ್ತು: ನಾಲ್ಕು ಮಾರು ಸಾಗುವುದರೊಳಗೆ ಮುಂದಿನ ಚಕ್ರ ಹೂತು, ಸವಾರನು ಮಗ್ಗುಲಾಗಿ ಉರುಳುತ್ತಾನೆ. ನೀರಿನಂಚಿನ ಒದ್ದೆ ಮರಳಿನಲ್ಲಾದರೋ ಸೈಕಲ್ಲು ಸಲೀಸಾಗಿ ಓಡುತ್ತದೆ. ಕಣಗಳ ನಡುವಣ ತೆಳುವಾದ ನೀರು ತನ್ನ ಮೇಲ್ಮೈ ಸೆಳೆತದಿಂದ ಅವನ್ನು ಬಿಗಿದು ಹಿಡಿಯುವುದೇ ಇದಕ್ಕೆ ಕಾರಣ.

1949ರ ಜುಲೈ 10ರಂದು ಅಮೆರಿಕದ ಡೇಟೋನಾ ಕಡಲತೀರದಲ್ಲಿ ಇಂತಹ ಗಟ್ಟಿ ಮರಳಿನ ಮೇಲೆ ಕಾರುಗಳ ಪಂದ್ಯ ನಡೆಯಿತು. ಅದರಲ್ಲಿ ಸಾರಾ ಕ್ರಿಶ್ಚಿಯನ್, ಎಥೆಲ್ ಮೋಬ್ಲಿ, ಲೂಯಿಸ್ ಸ್ಮಿತ್ ಎಂಬ ಮೂವರು ಸ್ತ್ರೀಯರು ಸ್ಪರ್ಧಿಸಿದರು. ಎಥೆಲ್ 11ನೆಯವರಾಗಿ, ತಮ್ಮ ಸೋದರರಿಬ್ಬರನ್ನು ಹಿಂದಿಕ್ಕಿದರಂತೆ!

ಮರುಭೂಮಿಯ ಒಣಮರಳಿಗೆ ನೀರಿನ ಈ ಬಂಧನವಿಲ್ಲ. ಅದರ ಮೇಲೆ ಎರಡೇ ಚಕ್ರಗಳಲ್ಲಿ ಓಡಿ ಹೆಸರು ಗಳಿಸಿದವರು ಬೆಂಗಳೂರಿನ ಐಶ್ವರ್ಯಾ ಪಿಸ್ಸೆ. ಅವರು ಭಾಗವಹಿಸುವ 'ಬಾಹಾ' ಪಂದ್ಯಗಳಲ್ಲಿ ಮರಳು, ಕಲ್ಲು, ಹಳ್ಳಗಳ ಮೇಲೆ ನೂರಾರು ಕಿಲೋಮೀಟರು ಸಾಗಬೇಕು.

ಒಣಮರಳಿನಲ್ಲಿ ವೇಗ ತಗ್ಗಿದೊಡನೆ ಜಡತ್ವದ ಫಲವಾಗಿ ಭಾರವು ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಚಕ್ರ ಹೂಳುತ್ತದೆ. ಆದುದರಿಂದ ಹೆದರಿಕೆಯಾದಾಗ ಬ್ರೇಕು ಹಾಕುವುದೇ ಅಪಾಯ. ನುರಿತ ಸವಾರರು ಕಾಲಿಡುವ ಮೆಟ್ಟುಗಳ ಮೇಲೆ ಎದ್ದುನಿಂತು, ಮೈಯನ್ನು ಹಿಂದಕ್ಕೆ ಸರಿಸಿ, ಯಂತ್ರದ ಬಲವನ್ನು ತಗ್ಗಿಸದೆ ಸಾಗುತ್ತಾರೆ. ಆಗ ಭಾರವು ಹಿಂದಿನ ಚಕ್ರಕ್ಕೆ ಹೋಗಿ, ಮುಂದಿನದು ಮರಳಿನ ಮೇಲೆ ತೇಲಿದಂತೆ ಓಡುತ್ತದೆ. ಬಾಗಿದ ಮೊಣಕಾಲುಗಳು ಸ್ಪ್ರಿಂಗಿನಂತೆ ಏಟುಗಳನ್ನು ನುಂಗುತ್ತವೆ. ಹೇಳುವುದು ಸುಲಭ, ಮೈಗೂಡಿಸಿಕೊಳ್ಳಲು ವರ್ಷಗಳೇ ಬೇಕು.

ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆ; ಬಿದ್ದಾಗ ಅದನ್ನೆಲ್ಲ ದೇಹವೂ ನೆಲವೂ ಹಂಚಿಕೊಳ್ಳಬೇಕು. 2018ರಲ್ಲಿ ಸ್ಪೇನ್ ದೇಶದ ಅರಗಾನ್ ಪಂದ್ಯದಲ್ಲಿ ಐಶ್ವರ್ಯಾ ಬಿದ್ದಾಗ ಅವರ ಮೇದೋಜೀರಕ ಗ್ರಂಥಿಯೇ ಸೀಳಿತು. ಈ ಗ್ರಂಥಿಯು ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಇದೆ. ಹೊಟ್ಟೆಯ ಮೇಲ್ಭಾಗಕ್ಕೆ ಬಲವಾದ ಪೆಟ್ಟು ಬಿದ್ದರೆ ಅದು ಹಿಂದಕ್ಕೆ ಸರಿಯಲು ಎಡೆಯಿಲ್ಲದೆ ಮೂಳೆಗೆ ಒತ್ತಲ್ಪಡುತ್ತದೆ. ಒಡೆದಾಗ ಅದರಿಂದ ಸೋರುವ ಜೀರ್ಣರಸವು ಸುತ್ತಲಿನ ಅಂಗಾಂಶಗಳನ್ನೇ ಕರಗಿಸತೊಡಗುತ್ತದೆ. ಇಂಥ ಗಾಯದಿಂದ ಪ್ರಾಣವೇ ಹೋಗಬಹುದಾಗಿತ್ತು.

ಮರುವರ್ಷವೇ ಅವರು ಮತ್ತೆ ಕಣಕ್ಕಿಳಿದರು. 2019ರ ವಿಶ್ವಕಪ್ಪಿನ ಮಹಿಳಾ ವಿಭಾಗದಲ್ಲಿ ದುಬೈ ಮರಳುಗಾಡಿನ ಮೊದಲ ಸುತ್ತನ್ನು ಗೆದ್ದರು. ಪೋರ್ಚುಗಲ್ಲಿನಲ್ಲಿ ಮೂರನೆಯವರಾದರು. ಬಳಿಕ ಸ್ಪೇನಿಗೇ ಹೋಗಿ, ಐದನೆಯವರಾಗಿ, ಈ ಸಲ ಪಂದ್ಯವನ್ನು ಮುಗಿಸಿಯೇ ಬಂದರು. ಹಂಗೆರಿಯ ಕೊನೆಯ ಸುತ್ತಿನಲ್ಲಿ ನಾಲ್ಕನೆಯ ಸ್ಥಾನ. ಒಟ್ಟು 65 ಅಂಕಗಳು. ಪೋರ್ಚುಗಲ್ಲಿನ ರೀಟಾ ವಿಯೇರಾ ಅವರಿಗಿಂತ ಕೇವಲ ನಾಲ್ಕು ಹೆಚ್ಚು. ವಿಶ್ವಕಪ್ಪು ಬೆಂಗಳೂರಿಗೆ ಬಂದಿತು.