ಪಾಠ ಉಚಿತ, ಕಲಿಯೋದು ಹೆಂಗ?



ಮುಂಡರಗಿ ಕಡೆಯ ಒಂದು ಸಂಘದ ವಾರದ ಸಭೆಯಲ್ಲಿ ಒಬ್ಬ ಅಕ್ಕ ಕೇಳಿದರು: "ಸಿಸ್ಟರ್, ನನ್ನ ಮಗಳು ಮೊಬೈಲ್‌ನ್ಯಾಗ ಫುಕ್ಕಟ ಕೋರ್ಸಿಗೆ ಹೆಸರು ಹಚ್ಚಿದ್ಲು. ಎರಡು ವಾರಕ್ಕ ಬಿಟ್ಟಳ್ರಿ. ಆಕೀಗೆ ತಲಿ ಇಲ್ಲೇನ್ರಿ?" ಈ ಪ್ರಶ್ನೆಯನ್ನೇ ಇಂದಿನ ಪಾಠಕ್ಕೆ ತೆಗೆದುಕೊಂಡಿದ್ದೇವೆ.

ಏನು ಸಿಗುತ್ತದೆ?

ಕೇಂದ್ರ ಸರ್ಕಾರ 2017ರ ಜುಲೈ 9ರಂದು 'ಸ್ವಯಂ' ಆರಂಭಿಸಿತು. ಒಂಬತ್ತನೇ ತರಗತಿಯಿಂದ ಸ್ನಾತಕೋತ್ತರ ಪದವಿಯವರೆಗಿನ ಪಾಠಗಳನ್ನು ಇದರಲ್ಲಿ ಯಾರು ಬೇಕಾದರೂ ಉಚಿತವಾಗಿ ಕಲಿಯಬಹುದು. ಇಂಟರ್ನೆಟ್ ಇಲ್ಲದವರಿಗೆ 'ಸ್ವಯಂ ಪ್ರಭಾ' ವಾಹಿನಿಗಳು ಟಿವಿಯಲ್ಲಿ ಬರುತ್ತವೆ. ಶಾಲೆಯ ಮಕ್ಕಳಿಗೆ 'ದೀಕ್ಷಾ'ದಲ್ಲಿ ಕನ್ನಡದ ಪಾಠಗಳೂ ಇವೆ. ಕಾಲೇಜು ಬಿಡಿಸಿದ ಹುಡುಗಿಗೆ ಇದು ಮತ್ತೆ ತೆರೆದ ಬಾಗಿಲು.

ತೊಡಕು ಎಲ್ಲಿದೆ?

ಪಾಠ ಉಚಿತ, ಫೋನು, ರೀಚಾರ್ಜು, ಬಿಡುವು ಉಚಿತವಲ್ಲ. ಮನೆಯಲ್ಲಿ ಒಂದೇ ಫೋನಿದ್ದರೆ ಅದು ಮೊದಲು ಮಗನ ಕೈಗೆ ಹೋಗುತ್ತದೆ. ಮಗಳು ಕೂತರೆ "ಏಳು, ರೊಟ್ಟಿ ಬಡಿ" ಅನ್ನುತ್ತೇವೆ. 'ಸ್ವಯಂ'ನ ಹೆಚ್ಚಿನ ಪಾಠಗಳು ಇಂಗ್ಲಿಷಿನಲ್ಲಿವೆ. ಪ್ರಮಾಣಪತ್ರ ಬೇಕಾದರೆ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಶಿರಹಟ್ಟಿ, ಲಕ್ಷ್ಮೇಶ್ವರದ ಹಳ್ಳಿಗಳಿಂದ ಹೊರಟವರಿಗೆ ಬಸ್ಸಿನ ಖರ್ಚು ಬೇರೆ. ತಿಳಿಯದಿದ್ದರೆ ಪಕ್ಕದಲ್ಲಿ ಕೇಳಲು ಯಾರೂ ಇಲ್ಲ. ಇಂಥ ಕೋರ್ಸಿಗೆ ಸೇರಿದವರಲ್ಲಿ ಹೆಚ್ಚಿನವರು ಪೂರ್ತಿ ಮುಗಿಸುವುದಿಲ್ಲ. ಪ್ರಪಂಚದ ಎಲ್ಲ ಕಡೆ ಇದೇ ಕಥೆ. ಆದ್ದರಿಂದ ಆ ಮಗಳಿಗೆ ತಲೆ ಇಲ್ಲವೆಂದಲ್ಲ, ಜೊತೆ ಇರಲಿಲ್ಲ.

ಸಂಘ ಏನು ಮಾಡಬಹುದು?

ನಮ್ಮ ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ಒಬ್ಬರಿಂದ ಆಗದ್ದು ಹತ್ತು ಜನ ಕೂಡಿದರೆ ಆಗುತ್ತದೆ. ಉಳಿತಾಯದಲ್ಲಿ ನಾವೇ ಇದನ್ನು ಕಂಡಿದ್ದೇವೆ. ಕಲಿಕೆಯಲ್ಲೂ ಹಾಗೇ ಮಾಡೋಣ.

1. ಮೂರು-ನಾಲ್ಕು ಹುಡುಗಿಯರು ಒಂದೇ ಕೋರ್ಸಿಗೆ ಸೇರಲಿ. ಒಂದೇ ಫೋನಿನಲ್ಲಿ ಕೂಡಿ ನೋಡಲಿ.

2. ವಾರದ ಸಭೆಯಲ್ಲಿ ಅವರು ಕಲಿತದ್ದನ್ನು ಹತ್ತು ನಿಮಿಷ ಕನ್ನಡದಲ್ಲಿ ಹೇಳಲಿ. ನಮಗೂ ತಿಳಿಯುತ್ತದೆ, ಅವರಿಗೂ ಗಟ್ಟಿಯಾಗುತ್ತದೆ.

3. ಪರೀಕ್ಷೆಯ ಶುಲ್ಕಕ್ಕೆ ಸಂಘದಿಂದ ಸಣ್ಣ ಸಾಲ ಕೊಡಿ.

4. ಸೇರುವ ಮುಂಚೆ ಕೇಳಿ: ಯಾವ ಭಾಷೆ? ಎಷ್ಟು ವಾರ? ಶುಲ್ಕ ಎಷ್ಟು? ಈ ಪ್ರಮಾಣಪತ್ರ ಎಲ್ಲಿ ನಡೆಯುತ್ತದೆ? "ಉಚಿತ" ಎಂದು ಹೇಳಿ ಓಟಿಪಿ ಕೇಳಿದರೆ ಕೊಡಬೇಡಿ.

ಚರ್ಚೆಗೆ:

ನಮ್ಮ ಮನೆಯ ಫೋನು ದಿನಕ್ಕೆ ಎಷ್ಟು ಹೊತ್ತು ಮಗಳ ಕೈಯಲ್ಲಿರುತ್ತದೆ? ಆಕೆಗೆ ದಿನಾ ಒಂದು ತಾಸು ಬಿಡುವು ಕೊಡಲು ಮನೆಯ ಯಾವ ಕೆಲಸವನ್ನು ಯಾರು ಹಂಚಿಕೊಳ್ಳಬೇಕು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಮುಂದಿನ ತಿಂಗಳು ಬಂದಾಗ ನಾವು ಅದನ್ನೇ ಮೊದಲು ಕೇಳುತ್ತೇವೆ.