ಹೊಳೆಗೆ ಗಡಿಯಿಲ್ಲ

ಮಳೆಗಾಲದ ಒಂದು ಮುಂಜಾನೆ. ಜತ್ತ ತಾಲೂಕಿನಲ್ಲಿ ಬಿಸಿಲು ಬಿದ್ದಿತ್ತು. ಆದರೆ ರೇಣುಕಾಳ ಮುಖ ಬಾಡಿತ್ತು. ಗುರುಗಳು ಕಾರಣ ಕೇಳಿದರು.

"ನಮ್ಮ ಮಾಮಾನ ಊರು ಕೃಷ್ಣಾ ನದಿಯ ದಂಡೆಯಲ್ಲಿದೆ, ಗುರುಗಳೇ. ಹೊಳೆ ಏರುತ್ತಿದೆಯಂತೆ. ಇಲ್ಲಿ ಮಳೆಯೇ ಇಲ್ಲ. ಅಲ್ಲಿ ಮಹಾಪೂರ ಹೇಗೆ ಬರುತ್ತದೆ?"

ಗುರುಗಳು ಹಲಗೆಯ ಮೇಲೆ ಉದ್ದನೆಯ ಗೆರೆ ಎಳೆದರು.

"ಇದು ಕೃಷ್ಣಾ ನದಿ. ಮಹಾಬಳೇಶ್ವರದಲ್ಲಿ ಹುಟ್ಟುತ್ತದೆ. ಸಹ್ಯಾದ್ರಿಯಲ್ಲಿ ಸುರಿದ ಮಳೆಯ ನೀರು ಸಾತಾರಾ ದಾಟಿ ಸಾಂಗಲಿಗೆ ಬರುತ್ತದೆ. ಕರಾಡದಲ್ಲಿ ಕೊಯ್ನಾ, ನೃಸಿಂಹವಾಡಿಯಲ್ಲಿ ಪಂಚಗಂಗಾ ಇದನ್ನು ಕೂಡುತ್ತವೆ. ಮುಂದೆ ಹೊಳೆ ಕರ್ನಾಟಕದ ಆಲಮಟ್ಟಿ ಜಲಾಶಯಕ್ಕೆ ಹೋಗುತ್ತದೆ. ರಾಜ್ಯಗಳ ಗಡಿ ನಕಾಶೆಯಲ್ಲಿದೆ, ನೀರಿನಲ್ಲಿಲ್ಲ. ಕೊಯ್ನಾ ಅಣೆಕಟ್ಟು ತುಂಬಿದರೆ ಬಾಗಿಲು ತೆರೆಯಲೇಬೇಕು. ಎಷ್ಟು ನೀರು ಬಿಟ್ಟರೆಂಬುದು ಆಲಮಟ್ಟಿಯವರಿಗೆ ಬೇಗನೆ ತಿಳಿದರೆ, ಅವರೂ ಮೊದಲೇ ನೀರು ಬಿಟ್ಟು ಜಾಗ ಮಾಡಿಕೊಳ್ಳುತ್ತಾರೆ."

"ಹಾಗಾದರೆ ಯಾರು ಯಾರಿಗೆ ತಿಳಿಸಬೇಕು?" ಎಂದು ಬಸವರಾಜ ಕೇಳಿದನು.

"ಹವಾಮಾನ ಇಲಾಖೆ ಮಳೆಯ ಮುನ್ಸೂಚನೆ ಕೊಡುತ್ತದೆ. ಕೇಂದ್ರ ಜಲ ಆಯೋಗ ಹೊಳೆಯ ನೀರನ್ನು ಅಳೆಯುತ್ತದೆ. ಅಣೆಕಟ್ಟಿನ ಅಧಿಕಾರಿಗಳು ಜಿಲ್ಲಾಧಿಕಾರಿಗೆ, ಅವರು ತಹಶೀಲ್ದಾರರಿಗೆ, ತಹಶೀಲ್ದಾರರು ತಲಾಠಿಗೆ ಮತ್ತು ಗ್ರಾಮಪಂಚಾಯತಿಗೆ ಸುದ್ದಿ ಮುಟ್ಟಿಸುತ್ತಾರೆ. ಈ ಸರಪಳಿಯ ಒಂದು ಕೊಂಡಿ ತಪ್ಪಿದರೂ ಸುದ್ದಿಗಿಂತ ಮೊದಲು ನೀರೇ ಮನೆಗೆ ಬರುತ್ತದೆ."

ಗುರುಗಳು ಮುಂದುವರಿಸಿದರು: "ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ನೀರಿನ ಮಟ್ಟ ಅಳೆಯುತ್ತಾರೆ. 40 ಅಡಿ ಎಂದರೆ ಎಚ್ಚರಿಕೆ, 45 ಅಡಿ ಎಂದರೆ ಅಪಾಯ. 2019ರ ಆಗಸ್ಟಿನಲ್ಲಿ ನೀರು 57 ಅಡಿ ದಾಟಿತು. 2005ರಲ್ಲಿಯೂ ಮಹಾಪೂರ ಬಂದಿತ್ತು. 2021ರ ಜೂನಿನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಮಂತ್ರಿಗಳು ಬೆಂಗಳೂರಿಗೆ ಹೋಗಿ, ಕರ್ನಾಟಕದ ಮುಖ್ಯಮಂತ್ರಿಗಳೊಡನೆ ಈ ವಿಷಯವನ್ನೇ ಚರ್ಚಿಸಿದರು. ಮುಂದಿನ ತಿಂಗಳೇ ಹೊಳೆ ಮತ್ತೆ ಉಕ್ಕಿತು."

"ಮಾತನಾಡಿದರೂ ಮಹಾಪೂರ ಬಂತಲ್ಲ!" ಎಂದಳು ರೇಣುಕಾ.

"ಮಾತಿನಿಂದ ಮಳೆ ನಿಲ್ಲುವುದಿಲ್ಲ, ಮಗು. ಹಾನಿ ಕಡಿಮೆಯಾಗುತ್ತದೆ. ಇನ್ನೊಂದು ಕೆಲಸವೂ ಇದೆ. ಹೊಳೆಯ ಜಾಗ ಹೊಳೆಗೆ ಬಿಡಬೇಕು. ನಮ್ಮ ರಾಜ್ಯದಲ್ಲಿ ಇದಕ್ಕಾಗಿ ಎರಡು ಗೆರೆ ಗುರುತಿಸುತ್ತಾರೆ. 25 ವರ್ಷಕ್ಕೊಮ್ಮೆ ಬರಬಹುದಾದ ಮಹಾಪೂರದ ನೀರು ಮುಟ್ಟುವ ಜಾಗಕ್ಕೆ ನೀಲಿ ಗೆರೆ. 100 ವರ್ಷಕ್ಕೊಮ್ಮೆ ಬರಬಹುದಾದ ಮಹಾಪೂರಕ್ಕೆ ಕೆಂಪು ಗೆರೆ. ನೀಲಿ ಗೆರೆಯ ಒಳಗೆ ಮನೆ ಕಟ್ಟಬಾರದು. ಎರಡರ ನಡುವೆ ಕಟ್ಟಲು ನಿರ್ಬಂಧಗಳಿವೆ. ಸರಕಾರ ಗೆರೆ ಎಳೆದರೆ ಸಾಲದು, ನಾವು ಅದನ್ನು ದಾಟಬಾರದು."

ಸಂಜೆ ಅವ್ವನ ಮೊಬೈಲಿಗೆ ಮಾಮಾನ ಕರೆ ಬಂದಿತು. "ಬೆಳಿಗ್ಗೆಯೇ ತಲಾಠಿಯವರು ಬಂದು ಹೇಳಿದರು. ದನಕರುಗಳೊಡನೆ ಎತ್ತರದ ಶಾಲೆಗೆ ಬಂದಿದ್ದೇವೆ. ಅಂಗಳಕ್ಕೆ ನೀರು ಬಂದಿದೆ. ನಾವೆಲ್ಲ ಕ್ಷೇಮ."

ರೇಣುಕಾ ಮೊಬೈಲ್ ಇಸಿದುಕೊಂಡು ಕೇಳಿದಳು: "ಮಾಮಾ, ಕೆಳಗಿನ ಊರಿನವರಿಗೂ ತಿಳಿಸಿದ್ದಾರೇನು?"

ಶಬ್ದಾರ್ಥ

ಮಹಾಪೂರ – ಹೊಳೆ ದಂಡೆ ಮೀರಿ ಹರಿಯುವುದು
ಕೊಂಡಿ – ಸರಪಳಿಯ ಒಂದು ಬಳೆ
ನಿರ್ಬಂಧ – ಕಟ್ಟುಪಾಡು

ಸ್ವಾಧ್ಯಾಯ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕೃಷ್ಣಾ ನದಿ ಎಲ್ಲಿ ಹುಟ್ಟುತ್ತದೆ?
2. ಆಯರ್ವಿನ್ ಸೇತುವೆಯ ಬಳಿ ಅಪಾಯದ ಮಟ್ಟ ಎಷ್ಟು?

ಆ) ಎರಡು-ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಮಹಾಪೂರದ ಸುದ್ದಿ ಊರಿಗೆ ಹೇಗೆ ಮುಟ್ಟುತ್ತದೆ?
2. ರೇಣುಕಾ ಕೊನೆಗೆ ಹಾಗೆ ಏಕೆ ಕೇಳಿದಳು?

ಇ) ಉಪಕ್ರಮ: ನಿಮ್ಮೂರಿನ ಹಳ್ಳದ ನೀರು ಯಾವ ನದಿಯನ್ನು ಸೇರುತ್ತದೆ? ಹಿರಿಯರನ್ನು ಕೇಳಿ ನಕಾಶೆ ಬಿಡಿಸಿರಿ.